ಕಸದ ಖರ್ಚಿನ ಬಗ್ಗೆ ಪೋಷಕರಿಗೆ ಒಂದು ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. ಹೋದ ತಿಂಗಳ ಪೋಷಕರ ಸಭೆಯಲ್ಲಿ ಹಸಿ ಕಸ, ಒಣ ಕಸ ಬೇರೆ ಮಾಡುವ ಮಾತು ತೆಗೆದಾಗ ಹಿಂದಿನ ಸಾಲಿನಲ್ಲಿ ಕೂತಿದ್ದ ತಂದೆಯೊಬ್ಬರು ಎದ್ದು ನಿಂತು ಕೇಳಿದರು: "ಮೇಡಂ, ಇದೆಲ್ಲಾ ಖರ್ಚಿನ ಬಾಬತ್ತು. ಊರ ಹೊರಗ ಒಯ್ದು ಸುರುವಿ ಬಂದ್ರ ಪುಕ್ಕಟಿ ಮುಗೀತೈತಲ್ಲ?" ಸುತ್ತ ಕೂತವರು ತಲೆಯಾಡಿಸಿದರು. ಅಷ್ಟರಲ್ಲಿ ಬಿಸಿಯೂಟದ ಗಂಟೆ ಹೊಡೆಯಿತು, ನಾನು ಏನೋ ಒಂದು ಹೇಳಿ ಮುಗಿಸಿದೆ. ಆ ಉತ್ತರ ನನಗೇ ಸಮಾಧಾನ ತರಲಿಲ್ಲ. ಅವರ ಪ್ರಶ್ನೆ ನ್ಯಾಯವಾದದ್ದು. ಗೋಡೆಯ ಮೇಲೆ "ಕಸದಿಂದ ರಸ" ಎಂದು ಬರೆಸಿದರೆ ಅದಕ್ಕೆ ಉತ್ತರ ಕೊಟ್ಟಂತಾಗುವುದಿಲ್ಲ, ಲೆಕ್ಕವನ್ನೇ ಮುಂದಿಡಬೇಕು. ಅದಕ್ಕೇ ಈ ಪತ್ರ ಸ್ವಲ್ಪ ಉದ್ದವಾಗಿದೆ.

ಮೊದಲು "ಪುಕ್ಕಟೆ" ಎಂಬ ಮಾತು. ಕೆಲವು ವರ್ಷಗಳ ಹಿಂದಿನ ಅಂದಾಜಿನಂತೆ ನಮ್ಮ ದೇಶದ ಪಟ್ಟಣಗಳು ಒಂದು ಟನ್ ಕಸಕ್ಕೆ ಸುಮಾರು 500ರಿಂದ 1,500 ರೂಪಾಯಿ ಖರ್ಚು ಮಾಡುತ್ತಿದ್ದವು. ಅದರಲ್ಲಿ 100ಕ್ಕೆ 60–70 ರೂಪಾಯಿ ಕಸ ಎತ್ತುವುದಕ್ಕೆ, 20–30 ರೂಪಾಯಿ ಸಾಗಿಸುವುದಕ್ಕೆ ಹೋಗುತ್ತಿತ್ತು. ಕೊನೆಗೆ ಆ ಕಸವನ್ನು ಸರಿಯಾಗಿ ವಿಲೇವಾರಿ ಮಾಡಲು ಉಳಿಯುತ್ತಿದ್ದದ್ದು ಚೂರುಪಾರು. ಅಂದರೆ ನಮ್ಮ ಓಣಿಗೆ ಬರುವ ಕಸದ ಗಾಡಿಯ ಡೀಸೆಲ್, ಚಾಲಕರ ಸಂಬಳ, ಪೌರಕಾರ್ಮಿಕರ ಕೂಲಿ ಎಲ್ಲವನ್ನೂ ಕೊಟ್ಟು, ಉಳ್ಳಾಗಡ್ಡಿ ಸಿಪ್ಪೆಯನ್ನೂ ಅನ್ನದ ಗಂಜಿಯನ್ನೂ ಮೈಲಿಗಟ್ಟಲೆ ಹೊರಿಸಿ, ಒಂದು ಗುಡ್ಡೆಯ ಮೇಲೆ ಸುರಿಸುತ್ತೇವೆ. ಹಸಿ ಕಸದ ತೂಕದಲ್ಲಿ ಬಹುಪಾಲು ನೀರೇ. ನಾವು ದುಡ್ಡು ಕೊಟ್ಟು ಊರ ಹೊರಗೆ ಸಾಗಿಸುತ್ತಿರುವುದು ಹೆಚ್ಚಾಗಿ ಆ ನೀರನ್ನೇ.

ಸುರುವಿದ ಮೇಲಾದರೂ ಖರ್ಚು ಮುಗಿಯುತ್ತದೆಯೇ? ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದೇ ಹೆಸರಿನಲ್ಲಿ ಓಡಾಡುತ್ತಿವೆ. ಬಯಲಿನಲ್ಲಿ ಗುಡ್ಡೆ ಹಾಕುವುದು ಒಂದು. ನಿಯಮದ ಪ್ರಕಾರ ಗುಂಡಿಯಲ್ಲಿ ತುಂಬಿ ಮುಚ್ಚುವುದು, ಅಂದರೆ ಭೂಭರ್ತಿ ಮಾಡುವುದು ಇನ್ನೊಂದು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳಿದ್ದನ್ನು ಓದಿದರೆ ಭೂಭರ್ತಿ ಎಂಥ ದುಬಾರಿ ಕೆಲಸ ಎನ್ನುವುದು ಗೊತ್ತಾಗುತ್ತದೆ. ಅವುಗಳ ಪ್ರಕಾರ ತಳಕ್ಕೆ 90 ಸೆಂಟಿಮೀಟರ್ ಜೇಡಿಮಣ್ಣು ಬಡಿದು ಕೂರಿಸಬೇಕು. ಅದರ ಮೇಲೆ 1.5 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆ ಹಾಸಬೇಕು. ಕಸದಿಂದ ಇಳಿಯುವ ಕೊಳೆನೀರನ್ನು ಕೊಳವೆಯಲ್ಲಿ ಹಿಡಿದು ಶುದ್ಧ ಮಾಡಬೇಕು. ಪ್ರತಿದಿನ ಸುರಿದದ್ದರ ಮೇಲೆ ಕನಿಷ್ಠ 10 ಸೆಂಟಿಮೀಟರ್ ಮಣ್ಣು ಮುಚ್ಚಬೇಕು. ತುಂಬಿ ಮುಚ್ಚಿದ ಮೇಲೂ ಕನಿಷ್ಠ 15 ವರ್ಷ ನೀರು, ಗಾಳಿ ಪರೀಕ್ಷಿಸುತ್ತಾ ಕಾಯಬೇಕು. ಇವತ್ತು ಒಂದನೇ ತರಗತಿಗೆ ಸೇರಿದ ಮಗು ಡಿಗ್ರಿ ಮುಗಿಸುವವರೆಗೂ ಒಂದು ಮುಚ್ಚಿದ ಗುಂಡಿಗೆ ಕಾವಲು. ಈ ಖರ್ಚನ್ನೆಲ್ಲ ಸೇರಿಸಿ ಲೆಕ್ಕ ಹಾಕಿದರೆ ಭೂಭರ್ತಿ ಅಗ್ಗ ಎನ್ನುವವರು ಸಿಗಲಿಕ್ಕಿಲ್ಲ. ಅಗ್ಗವಾಗಿ ಕಾಣುವುದು ಬಯಲಿನ ಗುಡ್ಡೆ ಮಾತ್ರ, ಯಾಕೆಂದರೆ ಅದರ ಬಿಲ್ಲು ಅವತ್ತೇ ಬರುವುದಿಲ್ಲ.

ಆ ಬಿಲ್ಲು ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನೌಕರಿಗೆ ಸೇರಿದ ಹೊಸತರಲ್ಲಿ ಬೇರೊಂದು ಊರಿನಲ್ಲಿದ್ದೆ, ಶಾಲೆಯ ಹಿಂದೆ ಸ್ವಲ್ಪ ದೂರದಲ್ಲೇ ಆ ಊರಿನ ಕಸದ ಗುಡ್ಡೆ. ಬೇಸಿಗೆ ಬಂತೆಂದರೆ ಅದು ಹತ್ತಿಕೊಳ್ಳುತ್ತಿತ್ತು. ಹಸಿ ಕಸ ಗಾಳಿಯಿಲ್ಲದೆ ಅಡಿಯಲ್ಲಿ ಕೊಳೆತರೆ ಮೀಥೇನ್ ಹುಟ್ಟುತ್ತದೆ, ಅದಕ್ಕೆ ಒಂದು ಕಿಡಿ ತಾಗಿದರೂ ಸಾಕು. ಗಾಳಿ ನಮ್ಮ ಕಡೆ ತಿರುಗಿದ ದಿನ ಕಿಟಕಿ ಮುಚ್ಚಿ ಪಾಠ ಮಾಡುತ್ತಿದ್ದೆವು. ಎರಡನೇ ತರಗತಿಯ ಹುಡುಗಿಯೊಬ್ಬಳು ಕೆಮ್ಮುತ್ತಲೇ ಮಗ್ಗಿ ಹೇಳುತ್ತಿದ್ದಳು, ಎಂಟನೇ ಮಗ್ಗಿಯ ನಡುವೆ ನಿಂತು ನಿಂತು. ಅವಳ ತಾಯಿ ಔಷಧಿಗೆ ಕೊಟ್ಟ ದುಡ್ಡು, ಕೂಲಿ ಬಿಟ್ಟು ಆಸ್ಪತ್ರೆಯಲ್ಲಿ ಕೂತ ದಿನಗಳು ಯಾವ ಕಚೇರಿಯ ಕಸದ ಲೆಕ್ಕದಲ್ಲೂ ಸೇರಲಿಲ್ಲ. ನನ್ನ ಮಟ್ಟಿಗೆ ಅದು ಕಸದ ಖರ್ಚೇ.

ಕಾಗದದ ಮೇಲೆ ಬರುವ ಬಿಲ್ಲೂ ಒಂದಿದೆ. ಹಳೆಯ ಗುಡ್ಡೆಗಳನ್ನು ಅಗೆದು, ಜರಡಿ ಹಿಡಿದು, ಮಣ್ಣು ಬೇರೆ, ಪ್ಲಾಸ್ಟಿಕ್ ಬೇರೆ, ಕಲ್ಲು ಬೇರೆ ಮಾಡುವ ಕೆಲಸ ಈಗ ದೇಶದ ತುಂಬ ನಡೆದಿದೆ. 2021ರಲ್ಲಿ ಶುರುವಾದ ಸ್ವಚ್ಛ ಭಾರತ ಅಭಿಯಾನದ ಎರಡನೇ ಹಂತದಲ್ಲಿ ಇದಕ್ಕೆ ಟನ್ನಿಗೆ 550 ರೂಪಾಯಿ ದರ ಹಿಡಿದಿದ್ದಾರೆ. ಒಂದು ಲಕ್ಷ ಟನ್ನಿನ ಗುಡ್ಡೆಗೆ ಐದೂವರೆ ಕೋಟಿ ರೂಪಾಯಿ ಆಯಿತು. ನಮ್ಮ ಏಳನೇ ತರಗತಿಯ ಮಕ್ಕಳಿಗೆ ಈ ಗುಣಾಕಾರ ಕೊಟ್ಟಿದ್ದೆ. ಉತ್ತರ ಬರೆದ ಮೇಲೆ ಒಬ್ಬ ಕೇಳಿದ: "ಟೀಚರ್, ಒಗಿಯಾಕೂ ರೊಕ್ಕ, ತೆಗಿಯಾಕೂ ರೊಕ್ಕ?" ಹೌದು ಮಗಾ, ಎರಡು ಸಲ. ಅದೂ ಯಾವ ಕೆಲಸಕ್ಕೆ? ಮನೆಯಲ್ಲಿ ಎರಡು ಬಕೆಟ್ ಇಟ್ಟಿದ್ದರೆ ಮೊದಲ ದಿನವೇ ಆಗಿಹೋಗುತ್ತಿದ್ದ ಕೆಲಸಕ್ಕೆ.

ಜಾಗದ ಮಾತೂ ಇದೆ. ಬೆಂಗಳೂರಿನ ಕಸ ಹೊತ್ತ ಮಾವಳ್ಳಿಪುರದ ಗುಡ್ಡೆ 2012ರಲ್ಲಿ ಮುಚ್ಚಿತು, ಅದೇ ನಗರದ ಕಸ ಬೀಳುತ್ತಿದ್ದ ಮಂಡೂರಿನ ಜನ 2014ರಲ್ಲಿ ಅದು ಬೇಡವೆಂದು ರಸ್ತೆಗಿಳಿದರು. ನಮ್ಮ ಕೊಪ್ಪಳದಲ್ಲಿ ಅಂಥ ದಿನ ಬರುವುದು ಬೇಡ. 2019ರಲ್ಲಿ ಗವಿಮಠದ ಸ್ವಾಮೀಜಿ ಮುಂದೆ ನಿಂತು ಹಿರೇಹಳ್ಳ ಸ್ವಚ್ಛ ಮಾಡಿಸಿದಾಗ ನಿಮ್ಮಲ್ಲಿ ಕೆಲವರು ಸಲಿಕೆ ಹಿಡಿದು ಹೋಗಿದ್ದವರು. ಹಾಳಾದ ಮೇಲೆ ಸರಿ ಮಾಡುವುದು ಎಷ್ಟು ದುಡಿತ ಕೇಳುತ್ತದೆ ಎನ್ನುವುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಇನ್ನು ಗೊಬ್ಬರದ ಕಡೆ ಬರೋಣ. ಇಲ್ಲಿ ನಿಮಗೆ ಸುಳ್ಳು ಆಸೆ ತೋರಿಸಲಾರೆ: ಊರಿನ ಕಸದ ಗೊಬ್ಬರ ಮಾರಿ ಯಾವ ಪಟ್ಟಣವೂ ಶ್ರೀಮಂತವಾಗುವುದಿಲ್ಲ. ಒಂದು ಟನ್ ಹಸಿ ಕಸ ಕೊಳೆತು, ಆರಿ, ಜರಡಿಯಾಗಿ ಕೈಗೆ ಬರುವಾಗ ಹೆಚ್ಚೆಂದರೆ 200 ಕಿಲೋದ ಆಸುಪಾಸು. 2016ರಲ್ಲಿ ಕೇಂದ್ರ ಸರ್ಕಾರ ನಗರಗಳ ಗೊಬ್ಬರಕ್ಕೆ ಟನ್ನಿಗೆ 1,500 ರೂಪಾಯಿ ಸಹಾಯಧನ ಘೋಷಿಸಿದ್ದೇ ಅದು ಮಾರಾಟದ ದುಡ್ಡಿನಲ್ಲಿ ತನ್ನ ಕಾಲ ಮೇಲೆ ನಿಲ್ಲುವುದು ಕಷ್ಟ ಅಂತ. ಆದರೆ ಗೊಬ್ಬರದ ಲಾಭವನ್ನು ಮಾರಾಟದ ದುಡ್ಡಿನಲ್ಲಷ್ಟೇ ಅಳೆದರೆ ಲೆಕ್ಕ ತಪ್ಪುತ್ತದೆ. ಹೊರುವುದು ತಪ್ಪಿದ ಭಾರ, ಉಳಿದ ಜಾಗ, ಹುಟ್ಟದ ಕೊಳೆನೀರು, ಹತ್ತದ ಬೆಂಕಿ, ಮುಂದೆ ಅಗೆಯಬೇಕಿಲ್ಲದ ಗುಡ್ಡೆ, ಇವೂ ಲಾಭದ ಬಾಬತ್ತೇ.

ಗೊಬ್ಬರಕ್ಕೆ ಬೆಲೆ ಸಿಗುವುದೂ ಸಿಗದಿರುವುದೂ ನಮ್ಮ ಅಡುಗೆಮನೆಯಲ್ಲೇ ತೀರ್ಮಾನವಾಗುತ್ತದೆ. ನಮ್ಮ ಶಾಲೆಯ ರೈತ ಪೋಷಕರೊಬ್ಬರು ಒಮ್ಮೆ ಯಾವುದೋ ಊರಿನಿಂದ ತರಿಸಿದ್ದ ಕಸದ ಗೊಬ್ಬರವನ್ನು ಒಂದು ಬೊಗಸೆ ತಂದು ನನ್ನ ಮೇಜಿನ ಮೇಲೆ ಹಾಸಿದರು. ಕರಿ ಪುಡಿ, ವಾಸನೆಯೂ ಇರಲಿಲ್ಲ. ಬೆರಳಿನಿಂದ ಸರಿಸಿದರೆ ಒಡೆದ ಹಸಿರು ಬಳೆಯ ಚೂರು, ಶಾಂಪೂ ಪೊಟ್ಟಣದ ಮೂಲೆ, ಒಂದು ಬ್ಲೇಡಿನ ತುಂಡು. "ಎತ್ತಿನ ಕಾಲಾಗ ಚುಚ್ಚತೈತ್ರಿ, ಕಳೆ ತೆಗಿಯೋ ಹೆಣ್ಮಕ್ಕಳ ಕೈ ಕೊಯ್ಯತೈತಿ. ಪುಕ್ಕಟಿ ಕೊಟ್ರೂ ಬ್ಯಾಡ" ಅಂದರು. ಗೊಬ್ಬರದಲ್ಲಿ ದೋಷವಿರಲಿಲ್ಲ, ಬೆರಕೆಯಲ್ಲಿತ್ತು. ಆ ಬಳೆ ಚೂರು ಯಾರದೋ ಮನೆಯಲ್ಲಿ ಹಸಿ ಕಸದ ಜೊತೆ ಸೇರಿದ ಕ್ಷಣವೇ ಒಂದು ಗಾಡಿ ಗೊಬ್ಬರ ಬೆಲೆ ಕಳೆದುಕೊಂಡಿತ್ತು.

ಒಣ ಕಸಕ್ಕೂ ಇದೇ ನ್ಯಾಯ. ಇದಕ್ಕೆ ನಮ್ಮ ಪಕ್ಕದ ಭಾಗ್ಯನಗರಕ್ಕಿಂತ ಒಳ್ಳೆಯ ಪಾಠ ನನಗೆ ಎಲ್ಲೂ ಸಿಕ್ಕಿಲ್ಲ. ತಾಯಂದಿರು ತಲೆ ಬಾಚುವಾಗ ಬಾಚಣಿಗೆಯಲ್ಲಿ ಉಳಿದ ಕೂದಲನ್ನು ಸುತ್ತಿ ಗೋಡೆಯ ಸಂದಿಯಲ್ಲಿಟ್ಟು, ಓಣಿಗೆ ಬಂದವರಿಗೆ ಕೊಟ್ಟು ಪಾತ್ರೆ ತಗೊಳ್ಳುವುದು ನಮಗೆಲ್ಲ ಗೊತ್ತು. ಅಂಥ ಕೂದಲು ಭಾಗ್ಯನಗರಕ್ಕೆ ಬರುತ್ತದೆ. ಅಲ್ಲಿನ ಹೆಣ್ಣುಮಕ್ಕಳು ಅದನ್ನು ಬಿಡಿಸಿ, ತೊಳೆದು, ಉದ್ದಕ್ಕೆ ತಕ್ಕಂತೆ ಬೇರೆ ಮಾಡುತ್ತಾರೆ, ಅದು ಹೊರದೇಶಕ್ಕೆ ಹೋಗುತ್ತದೆ. ನಮ್ಮ ಶಾಲೆಯ ಎಷ್ಟೋ ಮಕ್ಕಳ ಮನೆಗಳು ಆ ಕೆಲಸದಿಂದಲೇ ನಡೆದಿವೆ. ಅದೇ ಕೂದಲು ಸಾರಿನ ಜೊತೆ, ಸಿಪ್ಪೆಯ ಜೊತೆ ಬಕೆಟ್ಟಿಗೆ ಬಿದ್ದಿದ್ದರೆ? ಯಾರೂ ಮುಟ್ಟುತ್ತಿರಲಿಲ್ಲ. ವಸ್ತು ಅದೇ. ಬೇರೆ ಇಟ್ಟರೆ ಸಾಮಾನು, ಬೆರೆಸಿದರೆ ಕಸ. ಗಂಗಾವತಿಯ ರೈಸ್ ಮಿಲ್ಲುಗಳ ಹೊಟ್ಟನ್ನೂ ಹೀಗೇ ನೋಡಿ, ಬೇರೆ ಉಳಿಯುತ್ತದೆ, ಅದಕ್ಕೇ ಉರುವಲಾಗಿ ಬೆಲೆ ಇದೆ.

ಒಣ ಕಸವೆಲ್ಲ ದುಡ್ಡಲ್ಲ ಎನ್ನುವುದನ್ನೂ ಹೇಳಿಬಿಡುತ್ತೇನೆ. ರದ್ದಿ, ರಟ್ಟು, ಕಬ್ಬಿಣ, ಹಾಲಿನ ಪ್ಯಾಕೆಟ್, ನೀರಿನ ಬಾಟಲಿ ಗುಜರಿಯವರು ಕೊಳ್ಳುತ್ತಾರೆ. ಬೆಳ್ಳಿಯಂತೆ ಹೊಳೆಯುವ ಚಿಪ್ಸ್, ಗುಟ್ಕಾ ಪೊಟ್ಟಣಗಳನ್ನು ಯಾರೂ ಕೊಳ್ಳುವುದಿಲ್ಲ, ಅದರಲ್ಲಿ ಪದರದ ಮೇಲೆ ಪದರ ಅಂಟಿಕೊಂಡಿರುತ್ತವೆ. ಅವನ್ನು ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಕಳಿಸಬಹುದು, ಆದರೆ ಕಳಿಸುವ ಬಾಡಿಗೆ ನಾವೇ ಕೊಡಬೇಕು. ಅಂಥದ್ದನ್ನು ಕೊಳ್ಳದಿರುವುದೊಂದೇ ಅಗ್ಗದ ದಾರಿ.

ಇನ್ನೊಂದು ತೊಡಕಿದೆ. ನಮ್ಮ ಶಾಲೆಯ ಮಕ್ಕಳ ಮನೆಗಳನ್ನು 300 ಎಂದಿಟ್ಟುಕೊಳ್ಳಿ. ಐದು ಜನರ ಮನೆಯಲ್ಲಿ ತಲೆಗೆ 300 ಗ್ರಾಂ ಹಿಡಿದರೆ ದಿನಕ್ಕೆ ಒಂದೂವರೆ ಕಿಲೋ, ಎಲ್ಲಾ ಮನೆ ಸೇರಿ 450 ಕಿಲೋ. ಅರ್ಧ ಹಸಿ ಕಸ ಎಂದರೆ ವರ್ಷಕ್ಕೆ 80 ಟನ್ನಿನ ಮೇಲಾಯಿತು. ಅದಷ್ಟೂ ಮನೆಯ ಹಿತ್ತಲಲ್ಲೇ ಗೊಬ್ಬರವಾದರೆ ಟನ್ನಿಗೆ ಸಾವಿರದಂತೆ 80 ಸಾವಿರ ರೂಪಾಯಿ ಕೂಡಲೇ ಉಳಿಯುತ್ತದೆಯೇ? ಉಳಿಯುವುದಿಲ್ಲ. ಬಿಸಿಯೂಟಕ್ಕೆ ಹತ್ತು ಮಕ್ಕಳು ಗೈರಾದರೆ ಅಕ್ಕಿ ಉಳಿಯುತ್ತದೆ, ಗ್ಯಾಸ್ ಅಷ್ಟೇ ಉರಿಯುತ್ತದೆ. ಗಾಡಿಯೂ ಹಾಗೆಯೇ, ಅರ್ಧ ತುಂಬಿದರೂ ಓಣಿ ಸುತ್ತಲೇಬೇಕು. ಎರಡು ಟ್ರಿಪ್ ಹೋಗುತ್ತಿದ್ದದ್ದು ಒಂದಾದ ದಿನ ಉಳಿತಾಯ ಶುರು. ನಾಲ್ಕು ಮನೆ ಮಾಡಿ ನಲವತ್ತು ಮನೆ ಬಿಟ್ಟರೆ ಗಾಡಿಯಲ್ಲಿ ಎಲ್ಲ ಮತ್ತೆ ಬೆರೆತು, ನಾಲ್ಕು ಮನೆಯವರ ಶ್ರಮವೂ ಮಣ್ಣಾಗುತ್ತದೆ. ಅದಕ್ಕೇ ಒಬ್ಬಿಬ್ಬರನ್ನು ಕರೆದು ಹೇಳುವ ಬದಲು ಎಲ್ಲರಿಗೂ ಪತ್ರ ಬರೆದೆ.

ಶಾಲೆಯಲ್ಲಿ ನಾವು ಆಗಲೇ ಶುರು ಮಾಡಿದ್ದೇವೆ. ಅಡುಗೆಕೋಣೆಯ ಹಿಂದೆ ಎರಡು ಗುಂಡಿಗಳಿವೆ. ತರಕಾರಿ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ, ಮೊಟ್ಟೆಯ ಓಡು, ಬೇವಿನ ಎಲೆ ಅಲ್ಲಿಗೆ ಹೋಗುತ್ತವೆ. ಪ್ಲಾಸ್ಟಿಕ್ ಕವರು ಬೇರೆ ಚೀಲಕ್ಕೆ. ಮೊದಮೊದಲು ಸಾಂಬಾರಿನ ನೀರು ಹೆಚ್ಚಾಗಿ ವಾಸನೆ ಬಂತು, ಹುಳ ಆದವು. ಒಣ ಎಲೆ ಬೆರೆಸಿ ವಾರಕ್ಕೊಮ್ಮೆ ತಿರುವಿ ಹಾಕಿದ ಮೇಲೆ ನಿಂತಿತು. ಹೋದ ಶನಿವಾರ ಬೆಳಿಗ್ಗೆ ಆರನೇ ತರಗತಿಯವರು ಗುಂಡಿ ತಿರುವಿದಾಗ ಒಳಗಿನಿಂದ ಬಿಸಿ ಹಬೆ ಎದ್ದಿತು. ಕೈ ಹತ್ತಿರ ಹಿಡಿದ ಹುಡುಗಿ "ಟೀಚರ್, ಇದು ಜೀವ ಐತಿ!" ಎಂದು ಕೂಗಿದಳು. ಸೂಕ್ಷ್ಮಜೀವಿಗಳ ಪಾಠವನ್ನು ಅವತ್ತು ನಾನು ಬೋರ್ಡಿನ ಮೇಲೆ ಬರೆಯಬೇಕಾಗಲಿಲ್ಲ. ನಮ್ಮ ಅಜ್ಜಿಯರ ತಿಪ್ಪೆಯೂ ಹೀಗೇ ಬಿಸಿಯಾಗುತ್ತಿತ್ತು, ಅದನ್ನು ಯಾರೂ ಕಸ ಎನ್ನುತ್ತಿರಲಿಲ್ಲ.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರ ಜೊತೆ ಮಾತಾಡಿ ಒಂದಿಷ್ಟು ತೀರ್ಮಾನ ಮಾಡಿದ್ದೇವೆ. ಮುಂದಿನ ಸೋಮವಾರದಿಂದ ಪ್ರತಿ ಮನೆಯಲ್ಲಿ ಎರಡು ಬಕೆಟ್ ಇಡಿ. ಹೊಸದು ಕೊಳ್ಳುವುದು ಬೇಡ, ಒಡೆದ ಕೊಡ, ಹಳೆಯ ಎಣ್ಣೆ ಡಬ್ಬಿ ಸಾಕು. ಒಡೆದ ಗಾಜು, ಬ್ಲೇಡು, ಬಳೆ ಚೂರನ್ನು ಕಾಗದದಲ್ಲಿ ಸುತ್ತಿ ಬೇರೆಯಾಗಿ ಕೊಡಿ. ಸ್ಯಾನಿಟರಿ ಪ್ಯಾಡ್, ಡೈಪರ್ ಕೂಡ ಸುತ್ತಿಯೇ ಕೊಡಬೇಕು. ಕಸ ಎತ್ತುವವರು ಬರಿಗೈಯಲ್ಲಿ ಮುಟ್ಟುವ ಹೊತ್ತು ಇನ್ನೂ ಇದೆ, ಅವರಲ್ಲಿ ಕೆಲವರು ನಮ್ಮ ಶಾಲೆಯ ಪೋಷಕರೇ. ಪ್ರತಿ ಶನಿವಾರ ಮಕ್ಕಳ ಕೈಯಲ್ಲಿ ರದ್ದಿ, ರಟ್ಟು, ತೊಳೆದ ಹಾಲಿನ ಪ್ಯಾಕೆಟ್ ಕಳಿಸಿದರೆ ಗುಜರಿಗೆ ಕೊಟ್ಟು, ಬಂದ ದುಡ್ಡನ್ನು ನೋಟಿಸ್ ಬೋರ್ಡಿನಲ್ಲಿ ಪೈಸೆ ಲೆಕ್ಕದಲ್ಲಿ ಬರೆಯುತ್ತೇವೆ. ತಿಂಗಳ ಕೊನೆಯಲ್ಲಿ ಮಕ್ಕಳೇ ತೂಕ ಮಾಡಿ ಬರೆದ ಪಟ್ಟಿ ನಿಮ್ಮ ಮನೆಗೆ ಬರುತ್ತದೆ.

ಸಭೆಯಲ್ಲಿ ಪ್ರಶ್ನೆ ಕೇಳಿದ ಆ ತಂದೆಗೆ ಒಂದು ವಿಶೇಷ ವಿನಂತಿ. ಮುಂದಿನ ಸಭೆಗೆ ಅರ್ಧ ಗಂಟೆ ಮೊದಲೇ ಬನ್ನಿ. ಮೊದಲ ಗುಂಡಿಯ ಗೊಬ್ಬರ ಅಷ್ಟೊತ್ತಿಗೆ ಜರಡಿಗೆ ಸಿದ್ಧವಾಗಿರುತ್ತದೆ. ನೀವೇ ಮುಟ್ಟಿ, ಮೂಸಿ, ಬೆರಳಿನಿಂದ ಸರಿಸಿ ನೋಡಿ, ಒಂದು ಚೂರು ಪ್ಲಾಸ್ಟಿಕ್ ಸಿಕ್ಕರೂ ನಮಗೆ ತೋರಿಸಬೇಕು.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕೊಪ್ಪಳ