ಎಂಬತ್ತರ ಹೊಸ್ತಿಲಲ್ಲಿ ಎಡ್ ಮಾರ್ಕಿ

ಮಾಲ್ಡೆನ್, ಮ್ಯಾಸಚೂಸೆಟ್ಸ್
ಮಾರ್ಚ್ 2026

ತೀರ್ಥರೂಪರಾದ ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ದಾವಣಗೆರೆಯಲ್ಲಿ ನೀವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ನಮ್ಮ ಸೆನೆಟರ್ ಎಡ್ ಮಾರ್ಕಿಯವರು ಈ ವಯಸ್ಸಿನಲ್ಲಿ ಮತ್ತೆ ಏಕೆ ನಿಲ್ಲುತ್ತಿದ್ದಾರೆ, ಅವರದೇ ಡೆಮಾಕ್ರಟಿಕ್ ಪಕ್ಷದವರು ಅವರಿಗೆ ಎದುರಾಗಲು ಪಕ್ಷ ಹೇಗೆ ಬಿಟ್ಟಿತು ಎಂದು ನೀವು ಫೋನಿನಲ್ಲಿ ಕೇಳಿದ್ದಿರಿ. ನಿಂತು ಹೇಳಿ ಮುಗಿಸುವ ಮಾತಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಎರಡನೆಯ ಪ್ರಶ್ನೆಗೇ ಮೊದಲು ಬರುತ್ತೇನೆ. ಇಲ್ಲಿ ಬಿ ಫಾರಂ ಎಂಬುದಿಲ್ಲ, ಅದನ್ನು ಕೊಡುವ ಹೈಕಮಾಂಡೂ ಇಲ್ಲ. ಸೆನೆಟ್ ನಮ್ಮ ರಾಜ್ಯಸಭೆಯಂತೆ ಮೇಲ್ಮನೆಯೇ ಆದರೂ 1913ರ ಸಂವಿಧಾನ ತಿದ್ದುಪಡಿಯ ನಂತರ ಅದರ ಸದಸ್ಯರನ್ನು ಜನರೇ ನೇರವಾಗಿ ಆರು ವರ್ಷಕ್ಕೆ ಆರಿಸುತ್ತಾರೆ; ಪಕ್ಷದ ಟಿಕೆಟ್ ಯಾರಿಗೆಂಬುದನ್ನೂ ಪ್ರೈಮರಿ ಎಂಬ ಒಳಚುನಾವಣೆಯಲ್ಲಿ ಮತದಾರರೇ ತೀರ್ಮಾನಿಸುತ್ತಾರೆ. ಈ ಸಲ ಅದು ಸೆಪ್ಟೆಂಬರ್ 1ಕ್ಕೆ ಇದೆ. ಯಾವ ಪಕ್ಷಕ್ಕೂ ಸೇರದೆ ಹೆಸರು ನೋಂದಾಯಿಸಿಕೊಂಡವರು ಈ ರಾಜ್ಯದಲ್ಲಿ ಅರ್ಧಕ್ಕಿಂತ ಹೆಚ್ಚಿದ್ದು, ಅವರೂ ಅಂದು ಯಾವುದಾದರೊಂದು ಪಕ್ಷದ ಮತಪತ್ರ ಪಡೆದು ಮತ ಹಾಕಬಹುದು.

ಮತಪತ್ರದಲ್ಲಿ ಹೆಸರು ಬರಬೇಕಾದರೆ ನೋಂದಾಯಿತ ಮತದಾರರ 10,000 ಸಹಿಗಳು ಬೇಕು, ಅದರ ಮೇಲೆ ಪಕ್ಷದ ಸಮಾವೇಶದಲ್ಲಿ ಶೇ. 15ರಷ್ಟು ಪ್ರತಿನಿಧಿಗಳ ಬೆಂಬಲವೂ ಬೇಕು. ಕಳೆದ ವಾರ ಸೂಪರ್ ಮಾರ್ಕೆಟ್ ಬಾಗಿಲಲ್ಲಿ ಕೈಗವಸು ತೊಟ್ಟ ಹುಡುಗಿಯೊಬ್ಬಳು ರಟ್ಟಿಗೆ ಸಿಕ್ಕಿಸಿದ ಹಾಳೆಗಳನ್ನು ಹಿಡಿದು, ಬಂದವರನ್ನೆಲ್ಲ ‘ಯಾವ ಊರಿನವರು’ ಎಂದು ಕೇಳುತ್ತಿದ್ದಳು. ಊರೂರಿಗೆ ಬೇರೆಬೇರೆ ಹಾಳೆಯಲ್ಲೇ ಸಹಿ ಹಾಕಿಸಬೇಕು, ವಿಳಾಸ ಮತದಾರರ ಪಟ್ಟಿಯೊಡನೆ ತಾಳೆಯಾಗಬೇಕು. ನಾನು ಈ ದೇಶದ ಪ್ರಜೆಯಲ್ಲವೆಂದಾಗ ನಕ್ಕು, ನನ್ನ ಹಿಂದಿದ್ದ ಮುದುಕರತ್ತ ಪೆನ್ನು ಚಾಚಿದಳು.

ಇನ್ನು ಮಾರ್ಕಿಯವರ ವಿಷಯ. ಅವರು ಇದೇ ಮಾಲ್ಡೆನ್‌ನಲ್ಲಿ ಹಾಲಿನ ಗಾಡಿ ಓಡಿಸುತ್ತಿದ್ದವರ ಮಗ. ಬರುವ ಜುಲೈನಲ್ಲಿ ಅವರಿಗೆ ಎಂಬತ್ತು ತುಂಬುತ್ತದೆ. ರಾಜ್ಯದ ಶಾಸಕರಾಗಿದ್ದಾಗ ನ್ಯಾಯಾಧೀಶರು ವಕೀಲಿಯನ್ನೂ ನಡೆಸುವ ಪದ್ಧತಿಯನ್ನು ನಿಲ್ಲಿಸಬೇಕೆಂದು ಹಟ ಹಿಡಿದದ್ದಕ್ಕೆ, ಸದನದ ನಾಯಕರು ಸಿಟ್ಟಾಗಿ ಅವರ ಮೇಜನ್ನು ಕೊಠಡಿಯಿಂದ ಎತ್ತಿಸಿ ಹಜಾರಕ್ಕೆ ಹಾಕಿಸಿದರು. ಮಾರ್ಕಿ ಆ ಮೇಜನ್ನೇ ತಮ್ಮ 1976ರ ಜಾಹೀರಾತಿಗೆ ಬಳಸಿಕೊಂಡರು: ಎಲ್ಲಿ ಕೂರಬೇಕೆಂದು ದೊಡ್ಡವರು ಹೇಳಬಹುದು, ನಾನು ಯಾರ ಪರ ನಿಲ್ಲಬೇಕೆಂದು ಯಾರೂ ಹೇಳಲಾರರು ಎಂಬುದು ಅದರ ಸಾರ. ಹಾಗೆ ಕಾಂಗ್ರೆಸ್ ಎಂಬ ಇಲ್ಲಿನ ಸಂಸತ್ತಿನ ಕೆಳಮನೆಗೆ ಹೋದವರು 2013ರಲ್ಲಿ ಜಾನ್ ಕೆರಿಯವರಿಂದ ತೆರವಾದ ಸೆನೆಟ್ ಸ್ಥಾನವನ್ನು ಉಪಚುನಾವಣೆಯಲ್ಲಿ ಗೆದ್ದರು. ಒಟ್ಟು ಐವತ್ತು ವರ್ಷ, ಅಪ್ಪ. ಅಂದು ಹಿರಿಯರನ್ನು ಕೆಣಕಿ ಮೇಲೆ ಬಂದವರನ್ನು ಇಂದು ಕಿರಿಯರು ಕೆಣಕುತ್ತಿರುವುದು ನನಗಂತೂ ಅನ್ಯಾಯವೆನ್ನಿಸುವುದಿಲ್ಲ.

ಆದರೆ ಅವರನ್ನು ಮಣಿಸುವುದು ಸುಲಭವಲ್ಲ. 2020ರಲ್ಲಿ ರಾಬರ್ಟ್ ಕೆನಡಿಯವರ ಮೊಮ್ಮಗ ಜೋ ಕೆನಡಿ ಮೂವತ್ತೊಂಬತ್ತರ ವಯಸ್ಸಿನಲ್ಲಿ ಎದುರು ನಿಂತಾಗ ಮಾರ್ಕಿಯವರ ಕಥೆ ಮುಗಿಯಿತೆಂದೇ ಬಹಳ ಜನ ಭಾವಿಸಿದ್ದರು. ಕೆನಡಿ ಎಂಬ ಹೆಸರಿಗೆ ಈ ರಾಜ್ಯದಲ್ಲಿರುವ ತೂಕ ನಿಮಗೆ ಗೊತ್ತೇ ಇದೆ. ಆಗ ಕೆಳಮನೆಯ ಸಭಾಧ್ಯಕ್ಷೆಯಾಗಿದ್ದ ನ್ಯಾನ್ಸಿ ಪೆಲೋಸಿಯವರೂ ಜೋ ಕೆನಡಿಯವರ ಬೆನ್ನಿಗಿದ್ದರು. ಮಾರ್ಕಿಯವರ ಬಳಿ ಇದ್ದದ್ದು, 2019ರಲ್ಲಿ ಕೆಳಮನೆಯ ಯುವ ಸದಸ್ಯೆ ಅಲೆಕ್ಸಾಂಡ್ರಿಯಾ ಒಕಾಸಿಯೋ ಕೋರ್ಟೆಜ್ ಅವರೊಡನೆ ಮಂಡಿಸಿದ, ಹವಾಮಾನ ಬದಲಾವಣೆಯನ್ನು ಎದುರಿಸುವ ‘ಗ್ರೀನ್ ನ್ಯೂ ಡೀಲ್’ ನಿರ್ಣಯ ಮತ್ತು ಅದನ್ನು ಮೆಚ್ಚಿ ಬಂದ ಕಾಲೇಜು ಹುಡುಗರ ಪಡೆ. ದೇಶ ನಿನಗೇನು ಮಾಡೀತೆಂದು ಕೇಳಬೇಡ ಎಂದಿದ್ದ ಜಾನ್ ಕೆನಡಿಯವರ ಮಾತನ್ನೇ ತಿರುಗಿಸಿ, ಇನ್ನು ಅದನ್ನು ಕೇಳುವ ಕಾಲ ಬಂದಿದೆ ಎಂದು ಮಾರ್ಕಿ ಜಾಹೀರಾತಿನಲ್ಲಿ ಹೇಳಿದ್ದು ಮನೆಮಾತಾಯಿತು. ಫಾಲ್ ರಿವರ್‌ನಂತಹ ಕಾರ್ಮಿಕರ ಊರುಗಳು ಕೆನಡಿಯ ಪಾಲಾದರೂ ಮಾರ್ಕಿ ಸುಮಾರು ಶೇ. 55 ಮತ ಪಡೆದರು. ಮ್ಯಾಸಚೂಸೆಟ್ಸ್‌ನಲ್ಲಿ ಕೆನಡಿ ಮನೆತನದವರೊಬ್ಬರು ಕಾಂಗ್ರೆಸ್ಸಿನ ಸ್ಥಾನಕ್ಕೆ ನಿಂತು ಸೋತದ್ದು ಅದೇ ಮೊದಲು. ಅತ್ತ ರಿಪಬ್ಲಿಕನ್ ಪ್ರೈಮರಿಯಲ್ಲಿ ಮುಂಬಯಿಯಲ್ಲಿ ಹುಟ್ಟಿದ ಶಿವ ಅಯ್ಯಾದುರೈ ಕೆವಿನ್ ಓಕಾನರ್ ಅವರಿಗೆ ಸೋತರು, ನವೆಂಬರ್‌ನಲ್ಲಿ ಓಕಾನರ್ ಮಾರ್ಕಿಯವರಿಗೆ ಸೋತರು. 2010ರ ಸ್ಕಾಟ್ ಬ್ರೌನ್ ಗೆಲುವಿನ ನಂತರ ಆ ಪಕ್ಷಕ್ಕೆ ಇಲ್ಲಿ ಸೆನೆಟ್ ಸ್ಥಾನ ದಕ್ಕಿಲ್ಲವಾದ್ದರಿಂದ ನಿಜವಾದ ಕುಸ್ತಿ ನಡೆಯುವುದು ಪ್ರೈಮರಿಯಲ್ಲೇ.

ಈಗ ಎದುರಾಗಿರುವ ಸೆತ್ ಮೋಲ್ಟನ್ ಅವರಿಗೆ ನಲವತ್ತೇಳು. ಮರೀನ್ ಅಧಿಕಾರಿಯಾಗಿ ಇರಾಕ್ ಯುದ್ಧದಲ್ಲಿದ್ದವರು; 2014ರಲ್ಲಿ ತಮ್ಮದೇ ಪಕ್ಷದ ಹಳೆಯ ಸಂಸದ ಜಾನ್ ಟಿಯರ್ನಿಯವರನ್ನು ಪ್ರೈಮರಿಯಲ್ಲೇ ಸೋಲಿಸಿ ವಾಷಿಂಗ್ಟನ್‌ಗೆ ಹೋದವರಾದ್ದರಿಂದ ಈ ಪಟ್ಟು ಅವರಿಗೆ ಹೊಸದಲ್ಲ. ಎಂಬತ್ತರಲ್ಲಿ ಇನ್ನೂ ಆರು ವರ್ಷದ ಅವಧಿ ಕೇಳುವುದು ಸರಿಯಲ್ಲವೆಂಬುದೇ ಕಳೆದ ಅಕ್ಟೋಬರ್‌ನಲ್ಲಿ ಸ್ಪರ್ಧೆ ಘೋಷಿಸಿದಾಗಿನಿಂದ ಅವರ ವಾದ. ತೊಂಬತ್ತು ದಾಟಿದ ಶಾಮನೂರು ಶಿವಶಂಕರಪ್ಪನವರನ್ನು 2023ರಲ್ಲಿ ಗೆಲ್ಲಿಸಿದ ಊರಿನವರಾದ ನೀವು ಇದನ್ನೋದಿ ನಗಬಹುದು. ಆದರೆ ಇಲ್ಲಿ ಡಯಾನ್ ಫೈನ್‌ಸ್ಟೈನ್ ತೊಂಬತ್ತರಲ್ಲಿ ಸೆನೆಟರ್ ಆಗಿರುವಾಗಲೇ ತೀರಿಕೊಂಡ ಮೇಲೆ, ಬೈಡನ್ 2024ರಲ್ಲಿ ಕಣದಿಂದ ಹಿಂದೆ ಸರಿದ ಮೇಲೆ, ವಯಸ್ಸಿನ ಮಾತನ್ನು ಒರಟೆಂದು ತಳ್ಳಿಹಾಕುವವರು ಕಡಿಮೆಯಾಗಿದ್ದಾರೆ.

ನನ್ನ ಅಭಿಪ್ರಾಯ ಕೇಳಿದರೆ, ಮೋಲ್ಟನ್ ಕೇಳುವ ಪ್ರಶ್ನೆ ಸರಿ, ಆದರೆ ಅದೊಂದೇ ಸಾಲದು. ಕೆನಡಿ ಎಡವಿದ್ದೂ ಇಲ್ಲಿಯೇ: ಮಾರ್ಕಿ ಏಕೆ ಬೇಡವೆಂಬುದಕ್ಕೆ ಅವರು ಕಡೆಯವರೆಗೂ ಗಟ್ಟಿಯಾದ ಕಾರಣ ಕೊಡಲಿಲ್ಲ. ನೀತಿಯ ವಿಷಯದಲ್ಲಿ ಮಾರ್ಕಿ ಮೋಲ್ಟನ್‌ಗಿಂತ ಹೆಚ್ಚು ಎಡಕ್ಕಿದ್ದಾರೆ, ಪ್ರೈಮರಿಗೆ ತಪ್ಪದೆ ಬರುವವರೂ ಹೆಚ್ಚಾಗಿ ಅತ್ತ ಕಡೆಯವರೇ. ನನಗೆ ಮತವಿದ್ದಿದ್ದರೆ ಬಹುಶಃ ಮಾರ್ಕಿಯವರಿಗೇ ಹಾಕುತ್ತಿದ್ದೆ, ಸ್ವಲ್ಪ ಅಳುಕಿನಿಂದಲೇ.

ಸೆಪ್ಟೆಂಬರ್ 1ರ ರಾತ್ರಿ ಇಲ್ಲಿ ಎಂಟಕ್ಕೆ ಮತದಾನ ಮುಗಿದಾಗ ನಿಮಗೆ ಬೆಳಗಿನ ಐದೂವರೆ. ಎಣಿಕೆ ನಡೆಯುತ್ತಿರುವಾಗಲೇ ಫೋನ್ ಮಾಡುತ್ತೇನೆ. ಅಮ್ಮನಿಗೆ ನನ್ನ ನಮಸ್ಕಾರಗಳು.

ಇತಿ ನಿಮ್ಮ ಮಗ