ಗಾಯಾಳುಗಳನ್ನು ಸತ್ತವರ ಲೆಕ್ಕಕ್ಕೆ ಸೇರಿಸಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ದಿನವಿಶೇಷದಲ್ಲಿ ಅಮೆರಿಕದ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವಿನ ಅಂತರ್ಯುದ್ಧದ ಗೆಟ್ಟಿಸ್‌ಬರ್ಗ್ ಕದನದ ಬಗ್ಗೆ ನಾಲ್ಕು ಸಾಲು ಬಂದಿತ್ತು. ಮೂರು ದಿನದಲ್ಲಿ 51 ಸಾವಿರ ಸೈನಿಕರು ಸತ್ತರು ಎಂದು ಬರೆದಿದ್ದಿರಿ. ಅದು ಸರಿಯಲ್ಲ. ಸತ್ತವರು, ಗಾಯಗೊಂಡವರು, ಸೆರೆ ಸಿಕ್ಕವರು, ಕಾಣೆಯಾದವರು ಎಲ್ಲರನ್ನೂ ಸೇರಿಸಿದರೆ 51 ಸಾವಿರ. 1863ರ ಜುಲೈ 1ರಿಂದ 3ರವರೆಗೆ ಹೋರಾಡುತ್ತಲೇ ಪ್ರಾಣ ಬಿಟ್ಟವರು ಎರಡೂ ಕಡೆ ಸೇರಿ ಸುಮಾರು ಏಳೆಂಟು ಸಾವಿರ.

ಇಷ್ಟಕ್ಕೆ ಪತ್ರ ಬೇಕಿತ್ತಾ ಅಂತ ಕೇಳಬಹುದು. ನಾನು ಸರ್ಕಾರಿ ಆಸ್ಪತ್ರೆಯ ಸರ್ಜಿಕಲ್ ವಾರ್ಡಿನಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಗಾಯಾಳುವನ್ನು ಸತ್ತವರ ಜೊತೆ ಸೇರಿಸಿದರೆ ನನಗೆ ಸುಮ್ನೆ ಇರಲಾಗುವುದಿಲ್ಲ. ಗಾಯಾಳು ನೀರು ಕೇಳುತ್ತಾನೆ. ಮಗ್ಗುಲು ತಿರುಗಿಸಿ ಅನ್ನುತ್ತಾನೆ. ಅವನ ಡ್ರೆಸ್ಸಿಂಗ್ ಬದಲಿಸಬೇಕು, ಗಂಜಿ ಕುಡಿಸಬೇಕು, ಮಲಮೂತ್ರ ನೋಡಿಕೊಳ್ಳಬೇಕು. ಅದನ್ನೆಲ್ಲ ಅಲ್ಲಿ ಯಾರೋ ಮಾಡಿದ್ದಾರೆ, ಅಲ್ವಾ?

ಜುಲೈ 4ರ ಮಳೆಯಲ್ಲಿ ದಕ್ಷಿಣದ ಜನರಲ್ ರಾಬರ್ಟ್ ಲೀ ಅವರ ಸೇನೆ ಹಿಂದಕ್ಕೆ ಹೊರಟಿತು. ಸಾಗಿಸಲು ಆದಷ್ಟು ಗಾಯಾಳುಗಳನ್ನು ಗಾಡಿಗಳಿಗೆ ತುಂಬಿಕೊಂಡಿತು. ಆ ಗಾಡಿಸಾಲೇ 17 ಮೈಲಿ ಉದ್ದ ಇತ್ತಂತೆ. ಉತ್ತರದ ಸೇನೆ ಅವರ ಬೆನ್ನು ಹತ್ತಿತು. ಮುಂದೆ ಇನ್ನೊಂದು ಕದನ ಆದೀತೆಂದು ಹೆಚ್ಚಿನ ವೈದ್ಯರನ್ನೂ ಜೊತೆಗೆ ಕರೆದೊಯ್ದಿತು. ಹಿಂದೆ ಉಳಿದವರು ಸುಮಾರು 21 ಸಾವಿರ ಗಾಯಾಳುಗಳು, ನೂರು ಚಿಲ್ಲರೆ ವೈದ್ಯರು. ಗೆಟ್ಟಿಸ್‌ಬರ್ಗ್ ಊರಿನ ಜನಸಂಖ್ಯೆ ಬರೀ 2,400. ಚರ್ಚು, ಶಾಲೆ, ಕೊಟ್ಟಿಗೆ, ಜನರ ನಡುಮನೆ, ಎಲ್ಲಿ ನೋಡಿದರೂ ನರಳುವವರೇ.

ಆಗಿನ ಗುಂಡು ಮೆತ್ತನೆಯ ಸೀಸದ್ದು. ಮೂಳೆಗೆ ಬಡಿದರೆ ಹರಡಿಕೊಂಡು ಚೂರುಚೂರು ಮಾಡುತ್ತಿತ್ತು. ಸೇರಿಸಿ ಕಟ್ಟಲು ಏನೂ ಉಳಿಯದು, ಕೈಯನ್ನೋ ಕಾಲನ್ನೋ ಕತ್ತರಿಸಬೇಕು. ಪ್ರಜ್ಞೆ ತಪ್ಪಿಸಲು ಕ್ಲೋರೋಫಾರ್ಮ್ ಇತ್ತು. ರೋಗಾಣುಗಳ ವಿಷಯ ಮಾತ್ರ ವೈದ್ಯರಿಗೆ ಗೊತ್ತಿರಲಿಲ್ಲ. ಒಬ್ಬನಿಗೆ ಬಳಸಿದ ಗರಗಸ, ಸ್ಪಂಜನ್ನೇ ಇನ್ನೊಬ್ಬನಿಗೂ ಬಳಸುತ್ತಿದ್ದರು. ಆಪರೇಷನ್ ತಡೆದುಕೊಂಡವನು ಆಮೇಲೆ ನಂಜೇರಿ ಸಾಯುತ್ತಿದ್ದ. ಉಪಕರಣ ಕುದಿಸಿಡುವುದನ್ನೇ ಮೊದಲ ಪಾಠವಾಗಿ ಕಲಿತ ನನಗೆ ಇದನ್ನು ಓದುವಾಗ ಹೊಟ್ಟೆ ಕಿವುಚುತ್ತದೆ.

ಕಾರ್ನೀಲಿಯಾ ಹ್ಯಾನ್‌ಕಾಕ್ ನ್ಯೂಜೆರ್ಸಿಯ 23 ವರ್ಷದ ಹುಡುಗಿ. ನರ್ಸಿಂಗ್ ಕಲಿತವಳಲ್ಲ. ನರ್ಸ್‌ಗಳ ಮುಖ್ಯಸ್ಥೆ ಡೊರೊಥಿಯಾ ಡಿಕ್ಸ್ ವಯಸ್ಸು ಸಾಲದು ಎಂದು ಬೇಡವೆಂದರು. ಅವಳು ಹೋಗಿ ರೈಲಿನಲ್ಲಿ ಕೂತವಳು ಇಳಿಯಲೇ ಇಲ್ಲ. ಊರು ತಲುಪಿದ ಸಂಜೆಯೇ ಚರ್ಚಿನಲ್ಲಿ ಮಲಗಿದ್ದವರ ಪಕ್ಕ ಕೂತು, ಅವರು ಹೇಳಿದಂತೆ ಮನೆಗೆ ಕಾಗದ ಬರೆದುಕೊಟ್ಟಳು. ಎಷ್ಟೋ ಜನರಿಗೆ ಅದೇ ಕೊನೆಯ ಕಾಗದ. ಜುಲೈ ಕೊನೆಗೆ ಊರ ಹೊರಗೆ ದೊಡ್ಡ ಡೇರೆ ಆಸ್ಪತ್ರೆ ಎದ್ದಿತು. ಅದು ಮುಚ್ಚಿದ್ದು ನವೆಂಬರ್‌ನಲ್ಲಿ, ಅಧ್ಯಕ್ಷ ಲಿಂಕನ್ ಆ ಊರಲ್ಲಿ ಭಾಷಣ ಮಾಡಿದ ತಿಂಗಳಲ್ಲಿ. ಮೂರು ದಿನದ ಕದನ ಅನ್ನುತ್ತೇವೆ. ನರ್ಸ್‌ಗಳಿಗೆ ಅದು ನಾಲ್ಕು ತಿಂಗಳು.

ಮಗಳು ಮೇರಿಲ್ಯಾಂಡ್‌ನಲ್ಲಿದ್ದಾಳೆ. ಅವಳ ಮನೆಗೆ ಹೋದಾಗ ಗೆಟ್ಟಿಸ್‌ಬರ್ಗ್ ಊರನ್ನು ನೋಡಿ ಬಂದೆ. ಎವರ್‌ಗ್ರೀನ್ ಸ್ಮಶಾನದಲ್ಲಿ ಸಲಿಕೆ ಹಿಡಿದ ಬಸುರಿ ಹೆಂಗಸಿನ ಕಂಚಿನ ಪ್ರತಿಮೆಯಿದೆ. ಹಣೆಯ ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದಾಳೆ. ಎಲಿಜಬೆತ್ ಥಾರ್ನ್. ಸ್ಮಶಾನ ನೋಡಿಕೊಳ್ಳುತ್ತಿದ್ದ ಗಂಡ ಸೇನೆಗೆ ಹೋಗಿದ್ದರಿಂದ ಕೆಲಸ ಇವಳ ತಲೆಗೆ ಬಿದ್ದಿತ್ತು. ಆಗ ಆರು ತಿಂಗಳು ತುಂಬಿತ್ತು. ವಯಸ್ಸಾದ ಅಪ್ಪನನ್ನು ಜೊತೆಗಿಟ್ಟುಕೊಂಡು, ಜುಲೈ ಬಿಸಿಲಲ್ಲಿ, ಆ ನಾತದಲ್ಲಿ, ನೂರಕ್ಕೂ ಜಾಸ್ತಿ ಗುಂಡಿ ತೋಡಿದಳು. ನೆರವಿಗೆ ಬಂದವರು ಕೆಲವೇ ದಿನದಲ್ಲಿ ಬಿಟ್ಟುಹೋದರು. ಹೆಚ್ಚುವರಿ ಕೂಲಿ ಅಂತ ಒಂದು ಕಾಸೂ ಸಿಗಲಿಲ್ಲ. ಆಮೇಲೆ ಹುಟ್ಟಿದ ಮಗಳಿಗೆ ಆರೋಗ್ಯವೇ ಇರಲಿಲ್ಲ, ಹದಿನಾಲ್ಕಕ್ಕೆ ತೀರಿಕೊಂಡಳು. ಎಲಿಜಬೆತ್ ಆಗಲಿ ಆ ಮಗು ಆಗಲಿ ಯಾವ 51 ಸಾವಿರದಲ್ಲೂ ಇಲ್ಲ.

ದಯವಿಟ್ಟು ತಿದ್ದುಪಡಿ ಹಾಕಿ. ಮುಂದಿನ ಜುಲೈನಲ್ಲಿ ಮತ್ತೆ ನಾಲ್ಕು ಸಾಲು ಜಾಗ ಸಿಕ್ಕರೆ ಎರಡನ್ನು ಈ ಹೆಂಗಸರಿಗೆ ಕೊಡಿ. ಇಲ್ಲಿನ ನರ್ಸಿಂಗ್ ಹಾಸ್ಟೆಲಿಗೆ ನಿಮ್ಮ ಪತ್ರಿಕೆ ಬರುತ್ತದೆ, ಹುಡುಗಿಯರು ಓದುತ್ತಾರೆ.

— ನಿವೃತ್ತ ನರ್ಸ್, ಹಾಸನ