ಬೆಳ್ಳಿಯ ಶೂ, ಬಿಟ್ಟಿ ಚಾಕರಿ

ಮಾನ್ಯ ಸಂಪಾದಕರೇ,

ಮಕ್ಕಳ ಮಾಯಾಲೋಕದ ಕಾದಂಬರಿಗಳಲ್ಲಿ ರಾಜಕೀಯ ಇದೆಯೇ, ಇದ್ದರೆ ಅಷ್ಟರಿಂದಲೇ ಅವು ಒಳ್ಳೆಯ ಸಾಹಿತ್ಯವಾಗುತ್ತವೆಯೇ ಎಂಬ ಚರ್ಚೆಯಲ್ಲಿ ಎರಡೂ ಕಡೆಯವರು ಒಂದೇ ತಪ್ಪು ಮಾಡುತ್ತಾರೆ. ಒಬ್ಬರು ಖಳನಿಗೊಬ್ಬ ಸರ್ವಾಧಿಕಾರಿಯನ್ನು ಜೋಡಿಸಿ ‘ಎಂಥ ಆಳ!’ ಎಂದು ತಲೆದೂಗುತ್ತಾರೆ. ಇನ್ನೊಬ್ಬರು ಮಂತ್ರದಂಡ, ಹಾರುವ ಪೊರಕೆ ಕಂಡೊಡನೆ ಪುಸ್ತಕ ಮುಚ್ಚುತ್ತಾರೆ. ವಾಕ್ಯಗಳನ್ನು ಓದುವ ಗೋಜಿಗೆ ಇಬ್ಬರೂ ಹೋಗುವುದಿಲ್ಲ.

ಜೋಡಿಸುವ ಆಟ ಎಷ್ಟು ಸುಲಭ ಎಂಬುದಕ್ಕೆ 1900ರಲ್ಲಿ ಬಂದ ಎಲ್. ಫ್ರಾಂಕ್ ಬಾಮ್ ಅವರ ಆಜ್ ಮಾಂತ್ರಿಕನ ಕಥೆಯೇ ಸಾಕು. 1964ರಲ್ಲಿ ಹೆನ್ರಿ ಲಿಟಲ್‌ಫೀಲ್ಡ್ ಎಂಬ ಶಾಲಾ ಶಿಕ್ಷಕರು ಅದನ್ನು 1890ರ ದಶಕದ ಅಮೆರಿಕದ ಚಿನ್ನ–ಬೆಳ್ಳಿ ನಾಣ್ಯದ ಜಗಳದ (ನಾಣ್ಯಕ್ಕೆ ಚಿನ್ನವೊಂದೇ ಸಾಕೇ, ಬೆಳ್ಳಿಯೂ ಬೇಕೇ ಎಂಬ ವಾದ) ರೂಪಕವಾಗಿ ಓದಿದರು. ಹಳದಿ ಇಟ್ಟಿಗೆಯ ದಾರಿ ಚಿನ್ನ, ಕಥೆಯ ಹುಡುಗಿ ಡೊರೊತಿಯ ಶೂ ಬೆಳ್ಳಿ, ಬೆದರುಬೊಂಬೆ ರೈತ, ತಗಡಿನ ಮನುಷ್ಯ ಕಾರ್ಖಾನೆಯ ಕಾರ್ಮಿಕ, ಪುಕ್ಕಲು ಸಿಂಹ ಬೆಳ್ಳಿಯ ಪರ ವಾದಿಸಿದ ರಾಜಕಾರಣಿ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್. ಪ್ರತಿ ಬೀಗಕ್ಕೂ ಒಂದು ಕೀಲಿ! ಇತಿಹಾಸದ ಪಾಠಕ್ಕೆ ಅನುಕೂಲವಾಗಿದ್ದ ಈ ಹೋಲಿಕೆಯನ್ನು ನಂತರದವರು ಲೇಖಕನ ಗುಪ್ತ ಉದ್ದೇಶವೆಂದೇ ನಂಬಿಬಿಟ್ಟರು. ಬಾಮ್ ತಮ್ಮ ಮುನ್ನುಡಿಯಲ್ಲಿ ಹೇಳಿದ್ದು, ಇದು ಮಕ್ಕಳ ಸಂತೋಷಕ್ಕಾಗಿ ಬರೆದದ್ದು ಎಂದಷ್ಟೇ. ಬಾಮ್ ಬೆಳ್ಳಿಯ ಪರವಾಗಿದ್ದ ಪಾಪ್ಯುಲಿಸ್ಟ್ ಚಳವಳಿಯ ಬೆಂಬಲಿಗರಾಗಿದ್ದರು ಎನ್ನಲು ಆಧಾರವಿಲ್ಲವೆಂದು 1992ರಲ್ಲಿ ಲಿಟಲ್‌ಫೀಲ್ಡ್ ಅವರೇ ಒಪ್ಪಿಕೊಂಡರು. (1939ರ ಸಿನಿಮಾದಲ್ಲಿ ಆ ಶೂ ಮಾಣಿಕ್ಯದ ಕೆಂಪಾಯಿತು. ರೂಪಕದ ಅರ್ಧ ಅಲ್ಲೇ ಕಳಚಿತು. ಕಥೆಗೆ ಏನೂ ಆಗಲಿಲ್ಲ.)

ಟೋಲ್ಕಿನ್ ಅವರ ಉಂಗುರದ ಕಥೆ (‘ದಿ ಲಾರ್ಡ್ ಆಫ್ ದ ರಿಂಗ್ಸ್’) ಮಕ್ಕಳಿಗೆಂದೇ ಬರೆದದ್ದಲ್ಲವಾದರೂ ಇಲ್ಲಿ ನೆನೆಯಬೇಕು. ಅದು ಎರಡನೆಯ ಮಹಾಯುದ್ಧದ ರೂಪಕ ಎಂದವರಿಗೆ ಅವರು ಎರಡನೆಯ ಆವೃತ್ತಿಯ ಮುನ್ನುಡಿಯಲ್ಲಿ ಕೊಟ್ಟ ಉತ್ತರ ಚುರುಕಾದದ್ದು: ಆ ಯುದ್ಧವೇ ಮಾದರಿಯಾಗಿದ್ದರೆ ಉಂಗುರವನ್ನು ಯಾರೂ ನಾಶಮಾಡುತ್ತಿರಲಿಲ್ಲ, ಕಿತ್ತುಕೊಂಡು ಶತ್ರುವಿನ ಮೇಲೆಯೇ ಬಳಸುತ್ತಿದ್ದರು. ಲೇಖಕ ಹೇರುವ ಅರ್ಥ ಬೇರೆ, ಓದುಗ ತನ್ನ ಅನುಭವಕ್ಕೆ ಅನ್ವಯಿಸಿಕೊಳ್ಳುವ ಅರ್ಥ ಬೇರೆ ಎಂಬುದು ಅವರ ನಿಲುವು. ನಮ್ಮ ಕಾವ್ಯಮೀಮಾಂಸೆಯ ಮಾತಿನಲ್ಲಿ ಮೊದಲನೆಯದು ಅನ್ಯೋಕ್ತಿ (ಒಂದನ್ನು ಹೇಳಿ ಇನ್ನೊಂದನ್ನು ಸೂಚಿಸುವುದು), ಎರಡನೆಯದು ಧ್ವನಿಗೆ (ಮಾತಿನಾಚೆ ಹೊಳೆಯುವ ಅರ್ಥಕ್ಕೆ) ಹತ್ತಿರ.

ಹಾಗಾದರೆ ಅಳೆಯುವುದು ಹೇಗೆ? ಕೀಲಿಯನ್ನು ಪಕ್ಕಕ್ಕಿಟ್ಟು ಅಧ್ಯಾಯ ಓದಬೇಕು. ಜೆ.ಕೆ. ರೌಲಿಂಗ್ ಅವರ 2003ರ ಐದನೆಯ ಹ್ಯಾರಿ ಪಾಟರ್ ಪುಸ್ತಕದಲ್ಲಿ ಸರ್ಕಾರ ಮಾಂತ್ರಿಕರ ಶಾಲೆಗೆ ಕಳಿಸುವ ಅಧಿಕಾರಿ ಡೊಲೊರೆಸ್ ಅಂಬ್ರಿಜ್‌ಳನ್ನೇ ನೋಡಿ. ಗುಲಾಬಿ ಕಾರ್ಡಿಗನ್, ಗೋಡೆಯ ತಟ್ಟೆಗಳ ಮೇಲೆ ಬೆಕ್ಕಿನ ಮರಿಗಳು, ಬೇರೆಯವರ ಮಾತಿನ ನಡುವೆ ತೂರಿಬರುವ ಆ ಪುಟ್ಟ ಕೆಮ್ಮು. ಅವಳ 24ನೆಯ ಶಿಕ್ಷಣ ಆಜ್ಞೆಯ ಪ್ರಕಾರ ಮೂರು ಅಥವಾ ಹೆಚ್ಚು ವಿದ್ಯಾರ್ಥಿಗಳು ನಿಯಮಿತವಾಗಿ ಸೇರಿದರೆ ಅದು ಸಂಘ. ಅವಳ ಅನುಮತಿ ಇಲ್ಲದೆ ಆಟದ ತಂಡ ಕೂಡ ಅಂಗಣಕ್ಕೆ ಇಳಿಯುವಂತಿಲ್ಲ. ಯಾವ ಸರ್ವಾಧಿಕಾರಿಯ ಹೆಸರೂ ಗೊತ್ತಿಲ್ಲದ ಹತ್ತು ವರ್ಷದ ಮಗುವಿಗೂ ಇಲ್ಲಿ ಉಸಿರು ಕಟ್ಟುತ್ತದೆ. ರಾಜಕೀಯ ಇರುವುದು ಆ ಕೆಮ್ಮಿನಲ್ಲಿ. ಅದೇ ಪುಸ್ತಕ 38 ಅಧ್ಯಾಯಗಳಷ್ಟು ಊದಿಕೊಂಡಿದೆ (ಮೊದಲನೆಯದು 17ರಲ್ಲಿ ಮುಗಿದಿತ್ತು), ‘ಎಂದಳು’ ‘ಎಂದನು’ಗಳಿಗೆ ಕ್ರಿಯಾವಿಶೇಷಣ ಅಂಟಿಸುವ ಚಟವೂ ಬಿಟ್ಟಿಲ್ಲ. ಈ ದೂರನ್ನು ರಾಜಕೀಯ ಮುಚ್ಚಿಹಾಕಲಾರದು.

ಇದೇ ಅಳತೆಗೋಲು ಇದೇ ಕಥಾಮಾಲೆಯ ಮನೆಗೆಲಸದ ಎಲ್ಫ್ ಎಂಬ ಪುಟ್ಟ ಮಾಯಾಜೀವಿಗಳ ವಿಷಯದಲ್ಲಿ ಬೇರೆ ಲೆಕ್ಕ ಕೊಡುತ್ತದೆ. ಅವು ಸಂಬಳವಿಲ್ಲದೆ ದುಡಿಯುವ ಜೀತಗಾರರು. ನಾಲ್ಕನೆಯ ಪುಸ್ತಕದಲ್ಲಿ ಹ್ಯಾರಿಯ ಗೆಳತಿ ಹರ್ಮಾಯ್ನಿ ಅವುಗಳಿಗಾಗಿ ಸಂಘ ಕಟ್ಟಿದರೆ ಕಥೆ ಅವಳನ್ನೇ ನಗೆಪಾಟಲು ಮಾಡುತ್ತದೆ. ಐದನೆಯದರಲ್ಲಿ ಬಿಡುಗಡೆಗೆಂದು (ಬಟ್ಟೆ ಸಿಕ್ಕರೆ ಎಲ್ಫ್‌ಗೆ ಬಿಡುಗಡೆ) ಅವಳು ಹೆಣೆದು ಬಚ್ಚಿಟ್ಟ ಟೋಪಿಗಳಿಂದ ಎಲ್ಫ್‌ಗಳಿಗೆ ಅವಮಾನವಾಗಿ, ಮೊದಲೇ ಬಿಡುಗಡೆಯಾಗಿದ್ದ ಡಾಬಿಯೊಬ್ಬನನ್ನು ಬಿಟ್ಟು ಯಾರೂ ಅವಳಿರುವ ಗೋಪುರವನ್ನು ಗುಡಿಸಲು ಒಪ್ಪುವುದಿಲ್ಲ. ಜೀತವನ್ನು ಜೀತದಾಳುಗಳೇ ಬಯಸುತ್ತಾರೆ ಎಂದು ಬರೆದ ಮೇಲೆ ರೂಪಕ ಎತ್ತ ವಾಲುತ್ತದೆ ಎಂಬುದು ಲೇಖಕಿಯ ಹಿಡಿತದಲ್ಲಿ ಉಳಿದಿಲ್ಲ. 2007ರ ಕೊನೆಯ ಪುಸ್ತಕದಲ್ಲಿ ಕ್ರೀಚರ್ ಎಂಬ ಎಲ್ಫ್ ತನ್ನವರನ್ನು ಯುದ್ಧಕ್ಕೆ ಕರೆತರುತ್ತಾನೆ, ಹೋರಾಡುತ್ತಾನೆ. ಗೆದ್ದು ಸುಸ್ತಾದ ಹ್ಯಾರಿಗೆ ಬರುವ ಯೋಚನೆ, ಕ್ರೀಚರ್ ತನ್ನ ಹಾಸಿಗೆಯ ಬಳಿಗೊಂದು ಸ್ಯಾಂಡ್‌ವಿಚ್ ತಂದುಕೊಟ್ಟಾನೇ ಎಂಬುದು. ಇದು ಬೇಕೆಂದೇ ಮಾಡಿದ ವ್ಯಂಗ್ಯ ಎನ್ನುವವರು ಆ ಪುಟದಲ್ಲಿ ವ್ಯಂಗ್ಯದ ಒಂದೇ ಒಂದು ಪದ ತೋರಿಸಲಿ.

– ಮಕ್ಕಳ ಸಾಹಿತ್ಯದ ಓದುಗ